ಹೊಡೆತ ತಿಂದವರ ಸಾಲು

ಆದರೆ ಅದನ್ನು ಅಪರಾಧ ಎನ್ನಬಹುದೇ? ಮನೆಯೊಳಗೆ ಆದದ್ದು. ಕುಡಿದ ಅಮಲಿನಲ್ಲಿ ಆದದ್ದು. ಬೆಳಗಾದ ಮೇಲೆ ಹೊಡೆದವನೇ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಎಲಿಯುದ್ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. ಕಿರುಬೆರಳೂ ಅದರ ಪಕ್ಕದ ಬೆರಳೂ ಎಂದಿನಂತೆ ಅರ್ಧ ಮಡಚಿಕೊಂಡಿದ್ದವು. ಹದಿನಾರನೆಯ ವಯಸ್ಸಿನಿಂದ ಅವು ಹಾಗೇ ಇವೆ. ಅಪರಾಧವೆಂದು ಕರೆದರೆ ಈ ಕೈ ಅವನನ್ನು ಎಲ್ಲಿಗಾದರೂ ಕರೆದೊಯ್ಯಬಹುದು. ಕರೆಯದಿದ್ದರೆ ಇದು ಬರೀ ಸೊಟ್ಟ ಕೈ.

ಚರ್ಚಿಗೆ ಸೇರಿದ ಹಾಲ್‌ನಲ್ಲಿ ಶನಿವಾರಗಳಂದು ವಕೀಲರು ಬಂದು ಪುಕ್ಕಟೆ ಸಲಹೆ ಕೊಡುತ್ತಿದ್ದರು. ಕಾಗದಪತ್ರವಿಲ್ಲದ ಹುಡುಗ ಹುಡುಗಿಯರು ಮಡಚುವ ಕುರ್ಚಿಗಳ ಮೇಲೆ ಸಾಲಾಗಿ ಕೂತಿದ್ದರು. ಯಾರದೋ ಕಂಕುಳಲ್ಲೋ ಹೆಗಲ ಮೇಲೋ ಮೆಕ್ಸಿಕೊ ಗಡಿಯ ನದಿ ದಾಟಿ ಬಂದವರು. ಚಿಕ್ಕಂದಿನಲ್ಲಿ ಬಂದವರಿಗೆ ಇಲ್ಲಿ ಇದ್ದು ಕೆಲಸ ಮಾಡಲು ಸರ್ಕಾರ ಕೊಡುತ್ತಿದ್ದ ಅನುಮತಿ ಇವರ ಸರದಿ ಬರುವ ಹೊತ್ತಿಗೆ ನಿಂತುಹೋಗಿತ್ತು. ದಕ್ಷಿಣಕ್ಕೆ ಆ ನದಿ. ಉತ್ತರಕ್ಕೆ, ಸ್ಯಾನ್ ಆಂಟೋನಿಯೊ ಕಡೆಯ ಹೆದ್ದಾರಿಯಲ್ಲಿ, ನಾಯಿಗಳನ್ನು ಹಿಡಿದ ಕಾವಲಿನವರು ಕಾಗದಪತ್ರ ಕೇಳುವ ತಪಾಸಣೆ ಠಾಣೆ. ಅವೆರಡರ ನಡುವೆಯೇ ಎಲಿಯುದ್ ಬೆಳೆದ, ಶಾಲೆ ಮುಗಿಸಿದ, ವೈರಿಂಗ್ ಕೆಲಸ ಕಲಿತ. ಆ ಕೆಲಸ ಮಾಡಲು ಪರವಾನಗಿ ಬೇಕು, ಪರವಾನಗಿಗೆ ಕಾಗದಪತ್ರ ಬೇಕು. ಹಾಗಾಗಿ ಮಾವನ ಜೊತೆ ಛಾವಣಿ ಹೊದಿಸಲು ಹೋಗುತ್ತಿದ್ದ.

ಸಾಲಿನಲ್ಲಿ ಆ ದಿನ ಒಂದೇ ಮಾತು. ಹಿಂಸೆಗೆ ಒಳಗಾದವರು ಮುಂದೆ ಬಂದು ಪೊಲೀಸರಿಗೆ ನೆರವಾದರೆ ಅಂಥವರಿಗೆಂದೇ ಒಂದು ವೀಸಾ ಇದೆ. ಅದರಿಂದ ಇಲ್ಲೇ ಕಾಯಂ ಆಗಿ ಇರಲು ಹಸಿರು ಕಾರ್ಡು. ಆಮೇಲೆ, ಎಷ್ಟೋ ವರ್ಷಗಳಾದ ಮೇಲೆ, ಪೌರತ್ವ.

"ನಮ್ಮ ಚಿಕ್ಕಮ್ಮನ ಮಗನಿಗೆ ಸಿಕ್ತು," ಎಂದಳು ಪಕ್ಕದ ಕುರ್ಚಿಯ ಯಾದಿರಾ. "ಪೆಟ್ರೋಲ್ ಬಂಕಲ್ಲಿ ಯಾರೋ ಕಾಲಿಗೆ ಗುಂಡು ಹೊಡೆದ್ರು. ಪುಣ್ಯವಂತ!"

"ನಂಗೂ ಒಬ್ಬ ಕಳ್ಳ ಸಿಕ್ಕಿದ್ದ," ಎಂದ ಹಿಂದೆ ಕೂತಿದ್ದ ಫೆರ್ಮಿನ್. "ಫೋನ್ ಕಿತ್ಕೊಂಡು ಓಡ್ಹೋದ. ಒಂದೇ ಒಂದು ಏಟು ಹಾಕ್ಲಿಲ್ಲ, ದರಿದ್ರದವನು."

"ನಾನು ಹಾಕ್ಲಾ?" ಎಂದಳು ಯಾದಿರಾ. "ಪಾಸ್ಟರ್ ಇಲ್ಲೇ ಇದಾರೆ, ಅವರೇ ಸಾಕ್ಷಿ."

"ಮುಖಕ್ಕೆ ಮಾತ್ರ ಬೇಡ ಕಣೇ. ಆಮೇಲೆ ಇಲ್ಲಿಯವಳನ್ನ ಮದುವೆ ಆಗಿ ಕಾರ್ಡು ತಗೊಳ್ಳೋ ದಾರಿನೂ ಮುಚ್ಚೋಗತ್ತೆ."

ಎಲ್ಲರೂ ನಕ್ಕರು. ಎಲಿಯುದ್ ಕೂಡ ನಕ್ಕು, ಎಡಗೈಯನ್ನು ಜೇಬಿಗೆ ತುರುಕಿಕೊಂಡ.

ಕಿಟಕಿಯಾಚೆ ಮಾವ ನೆರೆಯೊ ಪಿಕಪ್ ಗಾಡಿಯೊಳಗೆ ಕೂತಿದ್ದ. ಎಲಿಯುದ್‌ನ ತಾಯಿ ಕಾಯಿಲೆ ಬಿದ್ದ ಅಜ್ಜಿಯನ್ನು ನೋಡಲು ಮೆಕ್ಸಿಕೊಗೆ ಹೋದವಳಿಗೆ ಮತ್ತೆ ದಾಟಿ ಬರಲಾಗಿರಲಿಲ್ಲ. ಅಂದಿನಿಂದ ಸಾಕಿದವನು ಈ ಸೋದರಮಾವನೇ. ಅವನಿಗೂ ಕಾಗದಪತ್ರವಿಲ್ಲ. ಇವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ, ಯಾರದೋ ಮದುವೆಗೆ ಹೊರಟವನಂತೆ.

ಬೆಳಿಗ್ಗೆ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತೇ ಹೇಳಿದ್ದ: "ನನ್ ಹೆಸರು ಹೇಳ್ಬಿಡು."

"ಯಾರಿಗೆ ಮಾವ?"

"ನಾಟಕ ಆಡ್ಬೇಡ. ಸುತ್ತಿಗೆ ಹಿಡಿಯಿಂದ ಹೊಡೆದವನು ನಾನು. ಛಾವಣಿಯಿಂದ ಬಿದ್ದೆ ಅಂತ ಡಾಕ್ಟರ ಹತ್ರ ಸುಳ್ಳು ಹೇಳಿಸಿದವನೂ ನಾನೇ. ಆ ವೀಸಾ ವಿಷಯ ನಂಗೂ ಗೊತ್ತು ಕಣೋ. ನನ್ನ ಒಳಗೆ ಹಾಕ್ತಾರೆ, ಆಮೇಲೆ ಗಡಿ ಆಚೆ ದಬ್ತಾರೆ. ದಬ್ಲಿ. ಈ ಮಂಡಿ ಇಟ್ಕೊಂಡು ಇನ್ನೆಷ್ಟು ಛಾವಣಿ ಹತ್ಲಿ?"

"ಮೊಟ್ಟೆ ಸೀದೋಗ್ತಿದೆ ನೋಡಿ," ಎಂದಿದ್ದ ಎಲಿಯುದ್.

ಆ ರಾತ್ರಿಯ ಬಗ್ಗೆ ಅವರಿಬ್ಬರ ನಡುವೆ ಬಂದ ಮೊದಲ ಮಾತು ಅದು. ಮಾವ ಅಂದಿನಿಂದ ಕುಡಿದಿರಲಿಲ್ಲ. ಮಾಂಸದ ದೊಡ್ಡ ತುಂಡನ್ನು ಎಲಿಯುದ್‌ನ ತಟ್ಟೆಗೇ ಹಾಕುತ್ತಿದ್ದ. ಏಣಿ ಹೊರುವಾಗ ಭಾರದ ಕಡೆ ತಾನೇ ಹೆಗಲು ಕೊಡುತ್ತಿದ್ದ. ಆ ಒಳ್ಳೆಯತನದೊಳಗೆ ಎಲಿಯುದ್‌ಗೆ ಉಸಿರಾಡಲು ಜಾಗವಿರಲಿಲ್ಲ. ಸಿಟ್ಟು ಮಾಡಲು ಮಾವ ಒಂದು ನೆಪವನ್ನೂ ಉಳಿಸಿರಲಿಲ್ಲ.

ಒಳಗಿನಿಂದ ಅವನ ಹೆಸರು ಕೂಗಿದರು. ವಕೀಲೆ ಬಾಲ್ಡೆರಾಸ್ ತಣ್ಣಗಾದ ಕಾಫಿಯನ್ನು ಪಕ್ಕಕ್ಕೆ ಸರಿಸಿ, ಎಲ್ಲರಿಗೂ ಕೇಳುವುದನ್ನೇ ಕೇಳಿದರು. ಅಪ್ಪ ಅಮ್ಮ ಇಲ್ಲಿಯ ಪೌರರೇ? ಅಲ್ಲ. ಮದುವೆ ಆಗಿದೆಯೇ? ಇಲ್ಲ. ಬರುವಾಗ ಗಡಿಯ ಸೇತುವೆಯ ಮೇಲೆ ಯಾರಾದರೂ ಅಧಿಕಾರಿ ತಡೆದು ನೋಡಿ ಒಳಗೆ ಬಿಟ್ಟರೇ? ಇಲ್ಲ, ನೀರಿನಲ್ಲಿ ಬಂದದ್ದು.

"ಯಾರಾದ್ರೂ ನಿಂಗೆ ಹೊಡೆದಿದ್ದಾರಾ? ಪೊಲೀಸರವರೆಗೆ ಹೋಗೋ ಅಂಥದ್ದು?" ಕೇಳುತ್ತ ಅವರ ಕಣ್ಣು ಕೆಳಗಿಳಿಯಿತು. "ಈ ಕೈಗೆ ಏನಾಯ್ತಪ್ಪಾ?"

ಹೇಳಬೇಕೆಂದು ಬಾಯಿ ತೆರೆದ. ಮಾವ ಹೋಗಲಿ ಎಂಬ ಆಸೆ ಎಷ್ಟು ನಿಚ್ಚಳವಾಗಿ ಎದ್ದು ನಿಂತಿತೆಂದರೆ ಅವನಿಗೇ ಗಾಬರಿಯಾಯಿತು. ಆದರೆ ಮಾವ ಇಸ್ತ್ರಿ ಅಂಗಿ ತೊಟ್ಟು ಸಿದ್ಧವಾಗಿ ಕೂತಿದ್ದಾನೆ. ಹೇಳಿದರೆ ಅವನು ಹಗುರಾಗಿ ಹೋಗುತ್ತಾನೆ. ಇಲ್ಲಿ ಉಳಿದವನು ಮಾತ್ರ, ನಾಳೆ ಪೌರನೇ ಆದರೂ, ಬದುಕಿರುವವರೆಗೆ ಆ ಸುತ್ತಿಗೆಗೆ ಋಣಿಯಾಗಿರಬೇಕು. ಪರವಾನಗಿ, ತಪಾಸಣೆ ಠಾಣೆ ದಾಟುವ ದಿನ, ಎಲ್ಲವೂ ಮಾವ ಕೊಟ್ಟದ್ದಾಗುತ್ತದೆ.

"ಛಾವಣಿಯಿಂದ ಬಿದ್ದೆ ಮೇಡಂ."

"ನಿಜವಾಗ್ಲೂ?"

"ಇಬ್ಬನಿ ಇತ್ತು. ಜಾರಿದೆ."

ಹೊರಗೆ ಫೆರ್ಮಿನ್ ಏನೋ ಅಂದದ್ದಕ್ಕೆ ಎಲ್ಲರೂ ನಗುವುದು ಕೇಳಿಸಿತು.

"ಬಿದ್ದಿದ್ದಾದ್ರೆ ನನ್ನ ಕೈಲಿ ಏನೂ ಆಗಲ್ಲ," ಎಂದರು ವಕೀಲೆ. "ಯಾರಾದ್ರೂ ಹೊಡೆದಿದ್ರೆ ಇನ್ನೂ ಸಮಯ ಇದೆ. ಬಾ. ತುಂಬಾ ತಡ ಮಾಡ್ಬೇಡ."

ಪಿಕಪ್‌ನ ಬಾಗಿಲು ಹಾಕಿಕೊಳ್ಳುವ ಮೊದಲೇ ಮಾವ ಕೇಳಿದ, "ಹೇಳಿದ್ಯಾ?"

"ಹೇಳ್ದೆ. ತುಂಬಾ ಹಳೇದಾಯ್ತಂತೆ. ನಡೆಯಲ್ಲ ಅಂದ್ರು."

ನೆರೆಯೊ ಸ್ಟೀರಿಂಗ್ ಹಿಡಿದುಕೊಂಡು ಎದುರಿನ ಗೋಡೆ ನೋಡುತ್ತ ಕೂತ. ಅಂಗಿಯ ಕಾಲರು ಆಗಲೇ ಬೆವರಿನಿಂದ ಒದ್ದೆಯಾಗಿತ್ತು. "ನೀನು ಹೇಳಿಲ್ಲ," ಎಂದ. "ನಂಗೊತ್ತು. ನೀನು ಹೇಳೋನಲ್ಲ." ಟಾರು ಹಿಡಿದ ಒರಟು ಅಂಗೈಯನ್ನು ಎಲಿಯುದ್‌ನ ಕತ್ತಿನ ಹಿಂದೆ ಇಟ್ಟು ಮೆಲ್ಲಗೆ ಅಲುಗಿಸಿದ. "ದೊಡ್ಡ ಮನಸ್ಸು ಕಣೋ ನಿಂದು. ನಿಮ್ಮಮ್ಮನ ಹಾಗೇ."

ಗಾಡಿ ಹೊರಟಿತು. ಪೊಲೀಸರ ಕಣ್ಣಿಗೆ ಬೀಳದ ಹಾಗೆ ಮಾವ ಪ್ರತಿ ತಿರುವಿನಲ್ಲೂ ಪೂರ್ತಿ ನಿಲ್ಲಿಸಿ, ಎಡ ಬಲ ನೋಡಿ, ಆಮೇಲೆ ಮುಂದೆ ಹೋಗುತ್ತಿದ್ದ. ಉತ್ತರದ ಹೆದ್ದಾರಿಗೆ ಏರುವ ದಾರಿ ಬಂತು. ಅದರ ಕೆಳಗೆ ಹಾದು ಮನೆಯ ಕಡೆ ತಿರುಗಿದರು. ಕೈ ಇನ್ನೂ ಕತ್ತಿನ ಮೇಲೇ ಇತ್ತು.

ತಾನು ಅವನನ್ನು ಕ್ಷಮಿಸಿಲ್ಲ ಎಂದು ಎಲಿಯುದ್ ಆಗ ಹೇಳಲಿಲ್ಲ. ಆಮೇಲೂ ಎಂದೂ ಹೇಳಲಿಲ್ಲ.