ಸವೆದ ಹಲ್ಲು

ಚಿಕ್ಕಬೈರಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಹೆಸರಿನಲ್ಲಿದ್ದ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಿತ್ತು. ಒಳಗೆ ತೋಟಾ ಉಳಿದಿದ್ದರೆ ಎಂಬ ಭಯಕ್ಕೆ ಮಗ ರಘು, ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದ ರೇವಣಸಿದ್ದಪ್ಪನವರನ್ನು ಬೆಂಗಳೂರಿನ ಬಿಟಿಎಂ ಬಡಾವಣೆಯ ಮನೆಗೆ ಕರೆತಂದ.

ರಘುವಿನ ತಾಯಿ ಬೈರಮ್ಮ ಬಾಗಿಲ ಬಳಿಯೇ ನಿಂತರು. ಮೂವತ್ತೈದು ವರ್ಷಗಳಿಂದ ಆ ಬಂದೂಕಿದ್ದ ಕೋಣೆಗೆ ಅವರು ಕಸ ಗುಡಿಸಲೂ ಹೋದವರಲ್ಲ. ಈ ಬೀದಿಗಳು ಇನ್ನೂ ರಾಗಿ ಹೊಲವಾಗಿದ್ದಾಗ, ಕಾಡುಹಂದಿಯಿಂದ ಬೆಳೆ ಕಾಯಲು ಹೋದ ಗಂಡನ ಕೈಯಲ್ಲಿ ಅದು ಸಿಡಿದು ಮೈದುನ ಹನುಮಯ್ಯ ಸತ್ತಿದ್ದ. ಅದೇ ದಿನ ಬೆಳಿಗ್ಗೆ ಅಣ್ಣತಮ್ಮಂದಿರು ಹೊಲದ ಪಾಲಿಗಾಗಿ ಜಗಳವಾಡಿದ್ದರು.

"ಬಂದೂಕಿನ ಬುಡ ಕಲ್ಲಿಗೆ ತಾಗ್ತು ಅಷ್ಟೇ. ನಾನು ಟ್ರಿಗರ್ ಮೇಲೆ ಬೆರಳಿಡ್ಲಿಲ್ಲ ಕಣೇ" ಎಂದಿದ್ದರು ಗಂಡ. ಆಕಸ್ಮಿಕವೆಂದು ಕೇಸು ಮುಗಿದು ಬಂದೂಕು ಮನೆಗೆ ಬಂತು. ಮತ್ತೆ ಅದನ್ನು ಯಾರೂ ಹಾರಿಸಲಿಲ್ಲ. ಬೈರಮ್ಮ ಮಾತ್ರ ಗಂಡನ ಮಾತಿಗೆ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಬಂದೂಕಿನ ನಳಿಗೆಯಲ್ಲಿ ತೋಟಾ ಇರಲಿಲ್ಲ. ರೇವಣಸಿದ್ದಪ್ಪ ಹ್ಯಾಮರ್ ಎಳೆದು ನೋಡಿದವರು ಹುಬ್ಬು ಗಂಟಿಕ್ಕಿ, ಸ್ಕ್ರೂ ಬಿಚ್ಚಿ ಒಳಭಾಗವನ್ನು ಬೆಳಕಿಗೆ ಹಿಡಿದರು.

"ನೋಡಿ ರಘು, ಹ್ಯಾಮರ್ ಹಿಂದಕ್ಕೆ ಎಳೆದಾಗ ಸ್ಪ್ರಿಂಗ್ ಬಿಗಿಯಾಗುತ್ತೆ. ಈ ಕೊಂಡಿ ಈ ಹಲ್ಲಿಗೆ ಸಿಕ್ಕಿ ಅದನ್ನ ತಡೆದಿರುತ್ತೆ. ಟ್ರಿಗರ್ ಎಳೆದ್ರೆ ಕೊಂಡಿ ಜಾರುತ್ತೆ, ಹ್ಯಾಮರ್ ಬಂದು ಸೂಜಿಗೆ ಹೊಡೆಯುತ್ತೆ, ಸೂಜಿ ತೋಟಾಗೆ. ಆದ್ರೆ ಇಲ್ಲಿ ಹಲ್ಲೇ ಸವೆದುಹೋಗಿದೆ."

"ಯಾವಾಗ ಸವೆದಿದ್ದು?" ಬೈರಮ್ಮ ಬಾಗಿಲಿಂದಲೇ ಕೇಳಿದರು.

"ಆ ಸಾವಾದ್ಮೇಲೆ ಯಾರೂ ಇದನ್ನ ಹಾರಿಸಿಲ್ಲ ಅಂತ ರಘು ಹೇಳಿದ್ರಲ್ಲಮ್ಮ. ಹಾಗಾದ್ರೆ ಆಗ್ಲೇ ಸವೆದಿತ್ತು."

ಅವರು ಬಿಡಿಭಾಗ ಜೋಡಿಸಿ, ಹ್ಯಾಮರ್ ಎಳೆದು, ಬಂದೂಕಿನ ಬುಡವನ್ನು ಮೆಲ್ಲಗೆ ನೆಲಕ್ಕೆ ಕುಟ್ಟಿದರು. ಟ್ರಿಗರ್ ಹತ್ತಿರ ಕೈಯೇ ಇರಲಿಲ್ಲ. ಟಕ್ ಎಂದಿತು.

"ಇನ್ನೊಂದ್ಸಲ ಮಾಡಿ" ಎಂದರು ಬೈರಮ್ಮ.

ಮತ್ತೆ ಟಕ್ ಎಂದಿತು. ಬೈರಮ್ಮ ಮಗನತ್ತ ತಿರುಗಿ, "ಮುನಿಯಮ್ಮನ ಹತ್ರ ಕರ್ಕೊಂಡು ಹೋಗು" ಎಂದರು.

ಮಧ್ಯಾಹ್ನ ರಘು ತಾಯಿಯನ್ನು ಬೊಮ್ಮನಹಳ್ಳಿಗೆ ಕರೆದೊಯ್ದ. ಹನುಮಯ್ಯನ ಹೆಂಡತಿ ಮುನಿಯಮ್ಮ ಗಂಡ ಸತ್ತಂದಿನಿಂದ ಅಲ್ಲಿನ ತವರಿನಲ್ಲೇ ಇದ್ದಳು. ಚಿಕ್ಕಬೈರಪ್ಪನ ಸಾವಿಗೆ ಬಂದಿದ್ದವಳು ಓರಗಿತ್ತಿಯ ಜೊತೆ ಮಾತಾಡದೆ ಹೋಗಿದ್ದಳು.

ಬೈರಮ್ಮ ಎಲ್ಲವನ್ನೂ ಹೇಳಿದರು. ಮುನಿಯಮ್ಮ ಅವರೆಕಾಯಿ ಬಿಡಿಸುತ್ತಲೇ ಕೇಳಿದಳು.

"ನಂಗೆ ಗೊತ್ತು ಅಕ್ಕ. ಬಾವ ಪ್ರತಿ ವರ್ಷ ನಮ್ಮನೆಯವರ ತಿಥಿ ದಿನ ಬಂದು ಈ ಜಗಲಿ ಮೇಲೆ ಕೂತು ಹೋಗ್ತಿದ್ರು. ಮೊದಲನೇ ವರ್ಷವೇ ನಾನು ಅವರ ಮಾತನ್ನ ನಂಬಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಹೊರಟಿದ್ದೆ. ಬಾವನೇ ಬೇಡ ಅಂದ್ರು. ನಿಜ ಏನು ಅಂತ ಅವಳಾಗೇ ನನ್ನ ಕೇಳ್ಲಿ ಅಂದ್ರು." ಮುನಿಯಮ್ಮ ಕೈ ನಿಲ್ಲಿಸಿದಳು. "ಪ್ರತಿ ಸಲ ಬಂದಾಗ್ಲೂ ನಾನು, ಅಕ್ಕ ಕೇಳಿದ್ಲಾ ಬಾವ ಅಂತಿದ್ದೆ. ಇಲ್ಲ ಅಂತ ತಲೆ ಆಡಿಸೋರು."

ವಾಪಸು ಬರುವಾಗ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅಷ್ಟೊತ್ತೂ ಹೊರಗೇ ಕಾದಿದ್ದ ರಘು, "ಚಿಕ್ಕಮ್ಮ ಏನಂದ್ರಮ್ಮ?" ಎಂದ. "ನಾನು ಕೇಳ್ಲಿ ಅಂತ ನಿಮ್ಮಪ್ಪ ಕಾಯ್ತಿದ್ರಂತೆ" ಎಂದರು ಬೈರಮ್ಮ.

ಈಗಲೂ ಅವರು ದಿನಾ ಗಂಡನ ಫೋಟೋಕ್ಕೆ ಹೂವಿಡುತ್ತಾರೆ. ಆದರೆ ಕಣ್ಣೆತ್ತಿ ಆ ಮುಖವನ್ನು ನೋಡುವುದಿಲ್ಲ.