ಲಾನ್, ಸೇತುವೆ ಬಂತು ಕಣೇ

ಚೊಂಗ್‌ಚಿಂಗ್ ಅನ್ನುವ ಈ ಊರನ್ನು ಯಾವ ಪುಣ್ಯಾತ್ಮ ಕಟ್ಟಿದನೋ! ಮೆಟ್ಟಿಲು ಹತ್ತಿ ಬೀದಿಗೆ ಬಂದೆವು ಅಂದುಕೊಂಡರೆ ಅದು ಇನ್ನೊಬ್ಬರ ಮನೆಯ ತಾರಸಿ. ಬಯಲು ಸೀಮೆಯ ಹಳ್ಳಿಯಿಂದ ಬಂದ ದೆಚೂಗೆ ಬೆಳಗಿನಿಂದ ಇದೇ ಗೋಳು. ಎದೆಗೆ ಕಟ್ಟಿಕೊಂಡ ಪೆಟ್ಟಿಗೆಯಲ್ಲಿ ಮಗಳು ಲಾನ್‌ಳ ಬೂದಿ, ಅದಕ್ಕೆ ಬೆಳಕು ತಾಗದಂತೆ ಬಿಚ್ಚಿ ಹಿಡಿದ ಕಪ್ಪು ಕೊಡೆ. ಪೆಟ್ಟಿಗೆ ನೋಡಿದ್ದೇ ಟ್ಯಾಕ್ಸಿಯವರು ಗಾಡಿ ಓಡಿಸಿಬಿಟ್ಟರು. ರೈಲು ನಿಲ್ದಾಣಕ್ಕೆ ನಡೆದೇ ಹೋಗಬೇಕು.

ಪರವೂರಿನಲ್ಲಿ ಸತ್ತವರ ಜೀವಕ್ಕೆ ಮನೆದಾರಿ ತಿಳಿಯುವುದಿಲ್ಲ ಅನ್ನುವುದು ಅವನ ಹಳ್ಳಿಯ ನಂಬಿಕೆ. ತಿರುವು ಬಂದರೆ ಹೇಳಬೇಕು, ಸೇತುವೆ ಬಂದರೆ ಕೂಗಿ ಹೇಳಬೇಕು. ಹೇಳದೆ ದಾಟಿದರೆ ಜೀವ ಹಿಂದೆಯೇ ಉಳಿದುಬಿಡುತ್ತದೆ.

"ಲಾನ್, ಎಡಕ್ಕೆ ತಿರುಗ್ತಿದೀವಿ ಕಣೇ. ಮೆಟ್ಟಿಲು ಜಾರುತ್ತೆ, ನೋಡ್ಕೊಂಡ್ ಬಾ. ಅಬ್ಬಬ್ಬಾ, ಕಟ್ಟಡದ ಹೊಟ್ಟೆಯೊಳಗೇ ರೈಲು ಹೋಗ್ತಿದೆಯಲ್ಲೇ! ದಿನಾ ಇದನ್ನ ನೋಡ್ತಿದ್ಯಾ?"

ಬದುಕಿದ್ದಾಗ ಮಗಳ ಜೊತೆ ಅವನು ಇಷ್ಟು ಮಾತಾಡಿರಲಿಲ್ಲ. ಅಪ್ಪ ನೋಡಿದ ಗಂಡು ಬೇಡವೆಂದು ಆರು ವರ್ಷದ ಹಿಂದೆ ಹೊರಟವಳಿಗೆ, "ಹೋಗು! ಮತ್ತೆ ಈ ಹೊಸ್ತಿಲು ತುಳಿದೀಯ, ಜೋಕೆ" ಅಂದದ್ದೇ ಕೊನೆ. ಅವಳೂ ಹಟಮಾರಿ, ತುಳಿಯಲಿಲ್ಲ. ಇಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿದಳು, ಜ್ವರ ಬಂದು ಹೋದಳು.

ನೂಡಲ್ಸ್ ಅಂಗಡಿಯ ಹೆಂಗಸೊಬ್ಬಳು ಇವನನ್ನು ಕಂಡು ನಕ್ಕಳು. "ಏನಣ್ಣಾ, ಮಳೇನೂ ಇಲ್ಲ, ಬಿಸ್ಲೂ ಇಲ್ಲ, ಕೊಡೆ ಯಾಕೆ? ಬಣ್ಣ ಕೆಡುತ್ತೆ ಅಂತಾನಾ?" ಪೆಟ್ಟಿಗೆ ಕಣ್ಣಿಗೆ ಬಿದ್ದೊಡನೆ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ತಪ್ಪಾಯ್ತಣ್ಣಾ. ಯಾರು?"

"ಮಗಳು. ನಿಲ್ದಾಣ ಇನ್ನೆಷ್ಟು ದೂರ ತಾಯಿ?"

"ಸೇತುವೆ ದಾಟಿ ಆಯ್ತಲ್ಲ, ಈ ಮೆಟ್ಟಿಲು ಇಳಿದ್ರೆ ಅದೇ."

"ಯಾವ ಸೇತುವೆ?"

"ಈಗ ಬಂದ್ರಲ್ಲ, ಆ ಅಂಗಡಿ ಸಾಲು ಇರೋದೇ ಸೇತುವೆ ಮೇಲೆ! ಸಂದೀಲಿ ಬಗ್ಗಿ ನೋಡಿ."

ದೆಚೂ ಬಗ್ಗಿ ನೋಡಿದ. ಎಷ್ಟೋ ಆಳದಲ್ಲಿ ಬಸ್ಸುಗಳು ಓಡಾಡುತ್ತಿದ್ದವು. ಮಗಳಿಗೆ ಹೇಳದೆಯೇ ಸೇತುವೆ ದಾಟಿಬಿಟ್ಟಿದ್ದ. ರೈಲಿಗೆ ಅರ್ಧ ಗಂಟೆಯಷ್ಟೇ ಉಳಿದಿತ್ತು. ಬಂದ ದಾರಿಯಲ್ಲೇ ಏದುಸಿರು ಬಿಡುತ್ತ ಸೇತುವೆಯ ಆಚೆ ತುದಿಗೆ ಓಡಿದ.

"ಲಾನ್, ಸೇತುವೆ ಬಂತು ಕಣೇ, ದಾಟು!"

ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟ. ಎಡ, ಬಲ, ಮೆಟ್ಟಿಲು ಎಂದೆಲ್ಲ ಹೇಳಿದ್ದ. ಮನೆಗೆ ಬಾ ಎಂದು ಒಮ್ಮೆಯೂ ಹೇಳಿರಲಿಲ್ಲ. ಬರಬೇಡ ಎಂದ ಮನೆಗೆ ಅವಳು ಯಾವ ಮುಖ ಹೊತ್ತು ಬಂದಾಳು? ಓಡಾಡುವ ಜನರ ನಡುವೆಯೇ ಗಂಟಲು ಹರಿಯುವಂತೆ ಕೂಗಿದ.

"ಲಾನ್, ಅವತ್ತು ಅಂದಿದ್ದು ತಪ್ಪಾಯ್ತು! ಮನೆಗೆ ಬಾ ಮಗಳೇ, ಬಾರೇ!"

ಹಿಂದೆಯೇ ಬಂದಿದ್ದ ನೂಡಲ್ಸ್ ಅಂಗಡಿಯ ಹೆಂಗಸು ಮೆಲ್ಲಗೆ ಅವನ ತೋಳು ಮುಟ್ಟಿದಳು. "ಬರ್ತಾಳಣ್ಣಾ. ನಡೀರಿ, ರೈಲು ತಪ್ಪುತ್ತೆ."

"ತಪ್ಪಲಿ ಬಿಡು ತಾಯಿ. ಹಬ್ಬ ಬಂದಾಗೆಲ್ಲ, ಅಪ್ಪ ಫೋನ್ ಮಾಡ್ತಾನೆ ಅಂತ ಫೋನ್ ಕೈಲೇ ಹಿಡ್ಕೊಂಡು ಕೂತಿರ್ತಿದ್ಲಂತೆ. ಹೋಟೆಲಲ್ಲಿ ಜೊತೆಗಿದ್ದ ಹುಡುಗೀರು ಹೇಳಿದ್ರು. ನಾನು ಮಾಡ್ಲಿಲ್ಲ. ಈಗ ನಾನು ಕಾಯ್ತೀನಿ."

ಮೂರೂವರೆಯ ರೈಲು ಹೋಯಿತು. ದೆಚೂ ಆ ಕಡೆ ತಿರುಗಿಯೂ ನೋಡಲಿಲ್ಲ, ಮಗಳನ್ನು ಕರೆಯುತ್ತಲೇ ಇದ್ದ.