ಡಬ್ಬಿಯೊಳಗಿನ ಹೆಸರು

ಈ ಸಂಗತಿಯನ್ನು ಮೊದಲು ಹೇಳಿದವರು ಕೇಬಲ್ ಗೋದಾಮಿನ ಹಳೆಯ ಕಾವಲುಗಾರರೊಬ್ಬರು. ಹೇಳಿದ್ದು ಮೂರು ವರ್ಷಗಳ ಹಿಂದೆ, ಒಂದು ಸಂಜೆ ಕೆಲಸ ಬಿಡುವ ಹೊತ್ತಿಗೆ. ಮುಂದೆ ಬೇರೆಯವರು ಹೇಳುವಾಗ ಕಥೆಯೊಳಗಿನ ಗುಂಡಿಯ ಆಳ ಹೆಚ್ಚಿತು, ಉಳಿದದ್ದು ಬದಲಾಗಲಿಲ್ಲ.

ಆಸ್ಪತ್ರೆಗೆ ಇಂಟರ್ನೆಟ್ ಒಯ್ಯುವ ಗಾಜಿನ ಎಳೆಗಳ ಕೇಬಲನ್ನು ರಸ್ತೆಯಂಚಿನ ಗುಂಡಿಯೊಂದರಲ್ಲಿ ಜೋಡಿಸಬೇಕಿತ್ತು. ಗುಂಡಿಯಲ್ಲಿ ಸದಾ ಮೊಣಕಾಲುದ್ದ ನೀರು. ಜೋಡಿಸುವವಳು ಎಲ್ಲರ ಬಾಯಲ್ಲೂ ಅಕ್ಕ. ಅವಳಿಗೆ ಆ ಕೆಲಸ ಕೊಡಿಸಿದ ಮೇಲ್ವಿಚಾರಕ ಅವಳ ಗಂಡನ ಅಣ್ಣ. ಎಳೆಗಳನ್ನು ಬೆಸೆದವರು ತಮ್ಮ ಹೆಸರು, ತಾರೀಖು ಬರೆದ ಚೀಟಿಯನ್ನು ಬೆಸುಗೆಯನ್ನು ಕಾಯುವ ಡಬ್ಬಿಯೊಳಗಿಟ್ಟೇ ಮುಚ್ಚುವುದು ಅಲ್ಲಿನ ರೂಢಿ. ಮುಂದೆ ಯಾರು ಬಿಚ್ಚಿದರೂ ಹೊಣೆ ಯಾರದೆಂದು ತಿಳಿಯಬೇಕು.

ಅಂದು ಉಗ್ರಾಣದಿಂದ ಬಂದದ್ದು ಕಂಬಕ್ಕೆ ತೂಗುಹಾಕುವ ಡಬ್ಬಿ: ಎರಡು ಹೋಳು, ನಡುವೆ ರಬ್ಬರ್ ಪಟ್ಟಿ, ಅಂಚಿಗೆ ಕ್ಲಿಪ್ಪು. ನೀರಿನಲ್ಲಿ ಮುಳುಗಿರುವ ಜಾಗಕ್ಕೆ ಬೇಕಾದದ್ದು ಗುಮ್ಮಟದಂಥದ್ದು. ಅದರ ಬುಡದಲ್ಲಿ ಕೇಬಲಿನ ಸುತ್ತ ಬಿಸಿಗೆ ಕುಗ್ಗುವ ಕೊಳವೆಯನ್ನು ನೀರು ನುಗ್ಗದಂತೆ ಬಿಗಿಯಾಗಿ ಅಂಟಿಸುತ್ತಾರೆ.

"ಇದನ್ನ ಇಲ್ಲಿ ಹಾಕಲ್ಲ," ಎಂದಳು ಅಕ್ಕ.

"ಮಳೆ ತಡೆಯೋ ಡಬ್ಬಿ ಕಣಮ್ಮ ಅದು. ಮೊಣಕಾಲುದ್ದ ನೀರು ತಡೆಯಲ್ವಾ?" ಎಂದ ಮೇಲ್ವಿಚಾರಕ.

"ಕೊಡೆ ಇದೆ ಅಂತ ಬಾವಿಗೆ ಇಳೀತೀರಾ ಭಾವ?"

ಅಲ್ಲಿದ್ದವರು ನಕ್ಕರು. ಮೇಲ್ವಿಚಾರಕನ ಮುಖ ಕೆಂಪೇರಿತು. "ಇಲ್ಲಿ ಭಾವ ಗೀವ ಇಲ್ಲ, ಸಾರ್ ಅನ್ನು. ನಾಳೆ ಬೆಳಿಗ್ಗೆ ಲೈನ್ ಒಪ್ಪಿಸ್ಬೇಕು. ಆಗಲ್ಲ ಅಂದ್ರೆ ನಾಳೆಯಿಂದ ಬರ್ಬೇಡ."

ಅವಳು ತನ್ನ ಹೆಸರಿನ ಚೀಟಿಯನ್ನು ಖಾಲಿ ಡಬ್ಬಿಯಲ್ಲಿಟ್ಟು, ಕೇಬಲ್ ತೂರಿಸುವ ತೂತುಗಳಿಗೆ ಬಿರಡೆ ಬಿಗಿದು, ಇಟ್ಟಿಗೆ ಕಟ್ಟಿ ಗುಂಡಿಗೆ ಇಳಿಬಿಟ್ಟಳು. ಊಟ ಮುಗಿಸಿ ಬಂದು ಎಲ್ಲರೆದುರೇ ತೆರೆದಳು. ಚೀಟಿ ತೊಯ್ದು ಮುದ್ದೆಯಾಗಿತ್ತು. ಹೆಸರಿದ್ದಲ್ಲಿ ನೀಲಿ ಕಲೆ.

"ಒಂದೂಟದ ಹೊತ್ತಿಗೇ ಇಷ್ಟು," ಎಂದು ಹೊಸ ಚೀಟಿಯನ್ನೂ ಪೆನ್ನನ್ನೂ ಅವನತ್ತ ಚಾಚಿದಳು. "ಎಳೆ ನಾನು ಬೆಸೀತೀನಿ. ಹೆಸರು ನೀವು ಬರೀರಿ, ಸಾರ್."

ಅವನು ಪೆನ್ನು ಮುಟ್ಟದೆ ಇನ್ನೊಬ್ಬ ಜೋಡಣೆಗಾರನನ್ನು ಕೂಗಿದ. ಆತ ಬಂದು ಮುದ್ದೆಯಾದ ಚೀಟಿಯನ್ನು ನೋಡಿ, "ಯಾಕೋ ಕೈ ನೋಯ್ತಿದೆ ಸಾರ್," ಎನ್ನುತ್ತ ಗುಂಡಿಯ ದಂಡೆಯ ಮೇಲೆ ಕುಳಿತುಬಿಟ್ಟ. ಅವಳೂ ಪಕ್ಕದಲ್ಲಿ ಕುಳಿತಳು.

"ನೀನು ಎದ್ದು ಮನೆಗೆ ನಡಿ," ಎಂದು ಮೇಲ್ವಿಚಾರಕ ಅವಳನ್ನು ಗದರಿದ.

"ಗುಮ್ಮಟದ ಡಬ್ಬಿ ಬರೋ ತನಕ ಏಳಲ್ಲ. ಇವತ್ತು ಅಡುಗೆ ನೀವೇ ಮಾಡ್ತೀರಿ ಅಂತ ಅತ್ತೆಗೆ ಹೇಳಿಬಿಡಿ."

ಬಿಸಿಲು ಇಳಿಯತೊಡಗಿತು. ನಾಲ್ಕರ ಸುಮಾರಿಗೆ ಮೇಲ್ವಿಚಾರಕ ದೂರ ಹೋಗಿ, ಇವರಿಗೆ ಬೆನ್ನು ತಿರುಗಿಸಿ ಉಗ್ರಾಣಕ್ಕೆ ಫೋನ್ ಮಾಡಿದ.

ಕಾವಲುಗಾರರು ಕಥೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಅವಳ ಕೆಲಸ ಉಳೀತಾ?" ಎಂದು ಯಾರೋ ಕೇಳಿದರು.

"ಡಬ್ಬಿ ಬಂತು, ಅವಳ ಚೀಟಿ ಒಳಗೆ ಹೋಯ್ತು. ಮುಂದಿನ ತಿಂಗಳು ಅವಳನ್ನ ತೆಗೆದ್ರು. ಲೈನ್ ಮಾತ್ರ ಒಂದಿನಾನೂ ನಿಂತಿಲ್ಲ."

ಕೇಳುತ್ತಿದ್ದವರು ಧೂಳು ಕೊಡವಿಕೊಂಡು ಎದ್ದು ಮನೆಯತ್ತ ಹೊರಟರು. ಅವರಲ್ಲೊಬ್ಬ ಜೋಡಣೆಗಾರ ಮಾತ್ರ ಗೇಟಿನಾಚೆಯ ಗುಂಡಿಯ ಬಳಿ ನಿಂತ. ಮುಚ್ಚಳ ಸರಿಸಿ, ಮಧ್ಯಾಹ್ನ ತಾನೇ ಮುಚ್ಚಿ ನೀರಿಗಿಳಿಸಿದ್ದ ಕಂಬದ ಡಬ್ಬಿಯನ್ನು ಮೇಲೆತ್ತಿಕೊಂಡು, ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.